ಸರ್ವೆ ಕೊಂಬೆಗೆ ಮೂರೇ ಬಣ್ಣ

ಕ್ರಿಸ್‌ಮಸ್ ಮರಕ್ಕೆ ಕೆಂಪು, ಹಸಿರು, ಹೊನ್ನಿನ ಬಣ್ಣ ಬಿಟ್ಟರೆ ಬೇರೇನೂ ಬೇಡ ಎಂದು ಚಿಕ್ಕಮ್ಮ ಹಟ ಹಿಡಿದರು. ಬೆಂಗಳೂರಿನಿಂದ ಬಂದ ಮೊಮ್ಮಕ್ಕಳು ಅಷ್ಟು ಹೊತ್ತಿಗಾಗಲೇ ತಮ್ಮ ಪೆಟ್ಟಿಗೆ ಬಿಚ್ಚಿ ನೀಲಿ, ನೇರಳೆ, ಗುಲಾಬಿ, ಬೆಳ್ಳಿ ಬಣ್ಣದ ಗುಂಡುಗಳನ್ನು ಜಗಲಿಯ ತುಂಬ ಹರಡಿದ್ದರು. ಜೊತೆಗೆ ಬಗೆಬಗೆಯಾಗಿ ಮಿನುಗುವ ಬಣ್ಣದ ಸೀರಿಯಲ್ ಸೆಟ್ ಬೇರೆ. ಮಕ್ಕಳ ಮುಖ ಸಪ್ಪಗಾಯಿತು. ನಾನು ಚಿಕ್ಕಮ್ಮನ ಪಕ್ಷ. ಅಂದು ಮರ ಸಿಂಗರಿಸುವ ಕೆಲಸ ನನ್ನ ಪಾಲಿಗೂ ಬಂದದ್ದರಿಂದ, ಅವರ ಹಟ ಎಷ್ಟು ಸರಿ ಎಂಬುದನ್ನು ನನ್ನ ಕೈಯಾರೆ ಕಂಡುಕೊಂಡೆ.

ಚಿಕ್ಕಪ್ಪನದು ಚಿಕ್ಕಮಗಳೂರು ಕಡೆಯ ಆಲ್ದೂರಿನಿಂದ ಒಳಗೆ ಹೋದರೆ ಸಿಗುವ ಪುಟ್ಟ ಕಾಫಿ ತೋಟ. ಡಿಸೆಂಬರ್ ಎಂದರೆ ಅಲ್ಲಿ ಅರೇಬಿಕಾ ಕೊಯ್ಲಿನ ಕಾಲ. ಹಣ್ಣಾದದ್ದನ್ನು ಗಿಡದಲ್ಲೇ ಬಿಟ್ಟರೆ ಉದುರಿ ಹಾಳಾಗುತ್ತದೆ, ಆದ್ದರಿಂದ ಹಬ್ಬದ ಹಿಂದಿನ ದಿನವೂ ಆಳುಗಳಿಗೆ ಬಿಡುವಿರುವುದಿಲ್ಲ. ಬೆಳಗಿನ ಮಂಜು ಕರಗುವ ಮೊದಲೇ ಮೇಸ್ತ್ರಿ ಹಾಜರಿ ಕೂಗುತ್ತಿದ್ದ. ಚಿಕ್ಕಪ್ಪ ಗೇಟಿನ ಬಳಿಯ ಸಾಲಿನಿಂದ ಒಂದು ಸರ್ವೆ ಕೊಂಬೆ ಕಡಿಸಿ ತಂದು ನಡುಮನೆಯಲ್ಲಿ ಒರಗಿಸಿ, "ಇನ್ನು ನಿಮಗೆ ಬಿಟ್ಟದ್ದು" ಎಂದು ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಕಡೆಗೆ ಹೋದರು.

ಜರ್ಮನಿಯಲ್ಲಿ ಈ ಪದ್ಧತಿ ಹುಟ್ಟಿದ್ದು ಫರ್ ಮತ್ತು ಸ್ಪ್ರೂಸ್ ಮರಗಳಲ್ಲಿ. ಅವುಗಳ ಕೊಂಬೆ ಗಟ್ಟಿ, ತೂಕ ತೂಗಿದರೂ ಬಾಗುವುದಿಲ್ಲ. ನಮ್ಮ ಕಡೆ ಸಿಗುವುದು ಸರ್ವೆ. ಸೂಜಿಯಂತೆ ಕಾಣುವ ಅದರ ಹಸಿರು ನಿಜವಾಗಿ ಎಲೆಯಲ್ಲ, ಸಣ್ಣ ರೆಂಬೆ. ಎಲೆಗಳೆಲ್ಲ ಆ ರೆಂಬೆಯ ಗೆಣ್ಣುಗಳಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಹಲ್ಲುಗಳಾಗಿ ಅಂಟಿಕೊಂಡಿರುತ್ತವೆ. ಚಿಕ್ಕಂದಿನಲ್ಲಿ ನಾವು ಒಂದು ಗೆಣ್ಣನ್ನು ಮೆಲ್ಲಗೆ ಎಳೆದು ಬಿಡಿಸಿ, ಮತ್ತೆ ಸಿಕ್ಕಿಸಿ, "ಎಲ್ಲಿ ಮುರಿದಿದೆ ಹೇಳು" ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದೆವು. ಅಂದು ಆ ಮಕ್ಕಳಿಗೂ ಅದನ್ನು ತೋರಿಸಿದೆ. ಪೆಟ್ಟಿಗೆಯ ದುಃಖ ಸ್ವಲ್ಪ ಹೊತ್ತು ಮರೆಯಿತು.

ಇಷ್ಟು ನಯವಾದ ಕೊಂಬೆಯ ತುದಿಗೆ ಗಾಜಿನ ಗುಂಡು ತೂಗುಹಾಕಿದರೆ ಅದು ನೆಲ ನೋಡುತ್ತದೆ. ಹಾಗಾಗಿ ಸರ್ವೆಯನ್ನು ಸಿಂಗರಿಸುವ ಬಗೆಯೇ ಬೇರೆ. ಮೊದಲು ಬಕೆಟ್ಟಿಗೆ ಒದ್ದೆ ಮರಳು ತುಂಬಿ ಬುಡ ನಿಲ್ಲಿಸಿ, ಸುತ್ತ ಕಲ್ಲು ಒತ್ತಿದೆವು. ಮೇಲೆ ಕಾಫಿ ಚೀಲ ಸುತ್ತಿದರೆ ಚೆನ್ನ ಎಂದು ನಾನೆಂದೆ. ಚಿಕ್ಕಮ್ಮ ಒಪ್ಪಲಿಲ್ಲ, ಕೆಂಪು ಬಟ್ಟೆಯೇ ಆಗಬೇಕೆಂದರು. ಆಮೇಲೆ ದೀಪ. ದೀಪದ ಸರವನ್ನು ಹೊರಗಿನಿಂದ ಸುತ್ತುವುದು ಎಲ್ಲರ ಅಭ್ಯಾಸ. ಚಿಕ್ಕಮ್ಮ ಅದನ್ನು ನಡುಕಾಂಡಕ್ಕೆ ಒತ್ತಿ ಸುತ್ತಿಸಿ, ಪ್ರತಿ ರೆಂಬೆಯ ಅರ್ಧದವರೆಗೆ ತಂದು ಮತ್ತೆ ಒಳಕ್ಕೆ ಒಯ್ಯುವಂತೆ ಹೇಳಿದರು. ಬೆಳಕು ಒಳಗಿನಿಂದ ಬಂದರೆ ಹಸಿರಿಗೆ ಆಳ ಬರುತ್ತದೆ, ಹೊರಗೇ ಇದ್ದರೆ ದೀಪ ಮಾತ್ರ ಕಾಣುತ್ತದೆ, ಮರ ಕಾಣುವುದಿಲ್ಲ.

ದೀಪವೂ ಒಂದೇ ಬಣ್ಣದ್ದು, ಹಳದಿ ಛಾಯೆಯ ಬಿಳಿ. ಮೊದಲು ಮನೆಯಲ್ಲಿದ್ದ ಇನ್ನೊಂದು ಸರವನ್ನು ಹಚ್ಚಿ ನೋಡಿದೆವು. ಅದು ಟ್ಯೂಬ್‌ಲೈಟಿನ ತಣ್ಣನೆಯ ಬಿಳಿ. ಅದರ ಬೆಳಕಿನಲ್ಲಿ ಕೆಂಪು ಗುಂಡು ಕಳೆಗುಂದಿ ಮಂಕಾಯಿತು, ಜರಿ ತಗಡಿನ ಬಣ್ಣಕ್ಕೆ ತಿರುಗಿತು. ಹಳದಿ ಬೆಳಕು ಬಿದ್ದೊಡನೆ ಎರಡಕ್ಕೂ ಜೀವ ಬಂತು. ಬಣ್ಣವನ್ನು ಎಷ್ಟು ಎಚ್ಚರದಿಂದ ಆರಿಸಿಕೊಂಡರೂ ದೀಪ ಒಪ್ಪದಿದ್ದರೆ ಎಲ್ಲ ವ್ಯರ್ಥ.

ಗಾಜಿನ ಗುಂಡುಗಳ ವಿಷಯಕ್ಕೆ ಬರುತ್ತೇನೆ. ಚಿಕ್ಕಪ್ಪನ ತಂದೆ ಹಿಂದೆ ದೊಡ್ಡ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಬಂಗಲೆಯ ದೊರೆಸಾನಿ ಊರು ಬಿಟ್ಟು ಹೋಗುವಾಗ ಒಂದು ರಟ್ಟಿನ ಪೆಟ್ಟಿಗೆ ಕೊಟ್ಟು ಹೋದರಂತೆ. ಅದರಲ್ಲಿ ಉಳಿದಿರುವುದು ಬೆರಳೆಣಿಕೆಯ ಗುಂಡುಗಳು. ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಕೋಳಿಮೊಟ್ಟೆಯ ಚಿಪ್ಪಿಗಿಂತ ತೆಳು ಎನ್ನಿಸುವ ಗಾಜು. ಒಳಗಿನ ಬೆಳ್ಳಿಯ ಲೇಪ ಒಂದು ಕಡೆ ಕಪ್ಪು ಚುಕ್ಕೆಗಳಾಗಿ ಎದ್ದಿತ್ತು, ಕೆಂಪು ಮಾತ್ರ ಕುಂದಿರಲಿಲ್ಲ. ಇಂಥ ಗುಂಡುಗಳನ್ನು ಊದುವ ಕಸುಬು 19ನೆಯ ಶತಮಾನದಲ್ಲಿ ಜರ್ಮನಿಯ ಲೌಷಾ ಎಂಬ ಊರಿನಲ್ಲಿ ಬೆಳೆಯಿತು. ಸೇಬು ಕೊಳ್ಳಲು ಹಣವಿಲ್ಲದ ಗಾಜಿನ ಕೆಲಸದವನೊಬ್ಬ ಗಾಜಿನಲ್ಲೇ ಸೇಬು ಊದಿ ಮರಕ್ಕೆ ಕಟ್ಟಿದ ಎಂಬ ಕಥೆ ಅಲ್ಲಿದೆ. ಕಥೆ ಹೇಗೇ ಇರಲಿ, ಸೇಬಿನ ಮಾತು ಸುಳ್ಳಲ್ಲ.

ಇದನ್ನು ಮಕ್ಕಳಿಗೆ ಹೇಳಬೇಕೆನಿಸಿತು, ಏಕೆಂದರೆ "ಕೆಂಪೇ ಏಕೆ ಅತ್ತೆ?" ಎಂಬ ಅವರ ಪ್ರಶ್ನೆಗೆ "ಸಂಪ್ರದಾಯ" ಎಂದು ಬಾಯಿ ಮುಚ್ಚಿಸುವುದು ನನಗೆ ಸರಿಕಾಣಲಿಲ್ಲ. ಯೂರೋಪಿನಲ್ಲಿ ಡಿಸೆಂಬರ್ 24 ಆದಾಮ ಹವ್ವರ ದಿನವೂ ಆಗಿತ್ತು. ಅವರ ಕಥೆಯನ್ನು ನಾಟಕವಾಗಿ ಆಡುವಾಗ ಅವರು ಹಣ್ಣು ತಿಂದ ಏದೆನ್ ತೋಟದ ಮರ ಬೇಕಲ್ಲ? ಚಳಿಗಾಲದಲ್ಲಿ ಸೇಬಿನ ಮರ ಬೋಳು. ಹಸಿರು ಉಳಿಸಿಕೊಳ್ಳುವ ಫರ್ ಮರಕ್ಕೇ ಕೆಂಪು ಸೇಬು ಕಟ್ಟಿದರು. ಹಸಿರಿನ ಮೇಲೆ ಕೆಂಪು ಕೂತದ್ದು ಹಾಗೆ. 1605ರಲ್ಲಿ ಸ್ಟ್ರಾಸ್‌ಬರ್ಗಿನ ಜನ ಮನೆಯೊಳಗೆ ಫರ್ ಮರ ನಿಲ್ಲಿಸಿ ಬಣ್ಣದ ಕಾಗದದ ಗುಲಾಬಿ, ಸೇಬು, ತೆಳುವಾದ ರೊಟ್ಟಿ, ಹೊನ್ನಿನ ತಗಡು, ಸಕ್ಕರೆ ತೂಗುಹಾಕುತ್ತಿದ್ದರೆಂಬ ದಾಖಲೆಯಿದೆ. ಹೊನ್ನೂ ಅಂದೇ ಮರಕ್ಕೆ ಬಂದಿತ್ತು. ಕೆಂಪು ಕ್ರಿಸ್ತನ ರಕ್ತ, ಹಸಿರು ನಿತ್ಯಜೀವ, ಹೊನ್ನು ಶಿಶು ಯೇಸುವಿಗೆ ಮೂರು ರಾಯರು ತಂದ ಚಿನ್ನ ಎಂಬ ಅರ್ಥವನ್ನು ಚರ್ಚಿನಲ್ಲಿ ಕೇಳಿ ಬೆಳೆದವಳು ನಾನು, ಅದನ್ನು ನಂಬುತ್ತೇನೆ ಕೂಡ. ಆದರೂ ಒಂದು ನಾಟಕದ ಮರದಿಂದ ಈ ಬಣ್ಣಗಳು ನಮ್ಮ ನಡುಮನೆಯವರೆಗೆ ನಡೆದು ಬಂದವು ಎಂದು ನೆನೆದರೆ ಸಂತೋಷ ಇಮ್ಮಡಿಸುತ್ತದೆ.

ಇಂಗ್ಲೆಂಡಿನ ಮನೆಮನೆಗೆ ಮರ ಹಬ್ಬಿದ್ದು, ರಾಣಿ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮಕ್ಕಳೊಂದಿಗೆ ಮರದ ಸುತ್ತ ನಿಂತ ಚಿತ್ರ 1848ರಲ್ಲಿ ಪತ್ರಿಕೆಯಲ್ಲಿ ಅಚ್ಚಾದ ಮೇಲೆ. ನಮ್ಮ ಮನೆತನಕ್ಕೆ ಅದು ಬಂದದ್ದು ಎಸ್ಟೇಟ್ ಬಂಗಲೆಗಳ ಮೂಲಕ. ಹಾಸನದ ಕಡೆಯ ನನ್ನ ಅಜ್ಜಿಗೆ ಕ್ರಿಸ್‌ಮಸ್ ಎಂದರೆ ಗೋದಲಿ, ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿ, ಮಾತ್ರ. ರಾಗಿ ಮೊಳಕೆ ಬರಿಸಿ ಹುಲ್ಲುಗಾವಲು ಮಾಡುತ್ತಿದ್ದರು, ಮರದ ಸುದ್ದಿಯೇ ಇರಲಿಲ್ಲ. ಚಿಕ್ಕಮ್ಮ ಎರಡನ್ನೂ ಬಿಟ್ಟಿಲ್ಲ. ಮರದ ಬುಡದಲ್ಲೇ ಗೋದಲಿ, ಅದಕ್ಕೆ ತಟ್ಟೆಯಲ್ಲಿ ಬೆಳೆಸಿದ ರಾಗಿಯ ಹಸಿರು.

ಹೊನ್ನಿಗೆ ಅವರು ಅಂಗಡಿಯ ಮಿರುಗುವ ಹಾರ ತರುವುದಿಲ್ಲ. ಮಡಿಕೆಯಲ್ಲಿ ಹರಿದುಹೋದ ಹಳೆಯ ರೇಷ್ಮೆ ಸೀರೆಯ ಜರಿ ಅಂಚನ್ನು ಬಿಡಿಸಿ ಇಟ್ಟುಕೊಂಡಿದ್ದಾರೆ. ಅದು ಕಣ್ಣಿಗೆ ಚುಚ್ಚುವುದಿಲ್ಲ, ದೀಪದ ಹತ್ತಿರ ಬಂದಲ್ಲಿ ಮಾತ್ರ ಹೊಳೆಯುತ್ತದೆ. ಬಿಗಿಯಾಗಿ ಸುತ್ತದೆ, ರೆಂಬೆಯಿಂದ ರೆಂಬೆಗೆ ಸಡಿಲವಾಗಿ ಇಳಿಬಿಟ್ಟೆವು. ಗಾಜಿನ ಗುಂಡುಗಳನ್ನು ಕಾಂಡದ ಹತ್ತಿರ, ರೆಂಬೆ ದಪ್ಪವಿರುವಲ್ಲಿ ಕಟ್ಟಿದೆವು. ದೊಡ್ಡವು ಕೆಳಗೆ ಮತ್ತು ಒಳಗೆ, ಚಿಕ್ಕವು ಮೇಲೆ. ತುದಿಗಳಿಗೆ ತೂಕವಿಲ್ಲದ್ದು ಬೇಕಿತ್ತು.

ಅಲ್ಲಿಗೆ ಬಂದದ್ದು ಕಾಫಿ ಹಣ್ಣು. ಆ ದಿನದ ಬುಟ್ಟಿಯಿಂದ ಚಿಕ್ಕಪ್ಪನನ್ನು ಕೇಳಿ ಒಂದು ಸೇರಿನಷ್ಟು ತಂದೆ. ಸೂಜಿಯನ್ನು ಬೀಜ ತಾಗದಂತೆ, ತೊಟ್ಟಿನ ಪಕ್ಕದ ಸಿಪ್ಪೆಯಲ್ಲಿ ಹಾಯಿಸಬೇಕು. ಸ್ವಲ್ಪ ಒತ್ತಿದರೂ ಒಳಗಿನ ಎರಡು ಬೀಜ ಲೋಳೆಯೊಂದಿಗೆ ಪುಳಕ್ಕನೆ ಜಾರಿ ಹೊರಬರುತ್ತವೆ, ಬೆರಳೆಲ್ಲ ಸಿಹಿ ಅಂಟು. ಮಕ್ಕಳು ಆ ಲೋಳೆಯನ್ನು ಚೀಪಿ ನೋಡಿ ಕಣ್ಣರಳಿಸಿದರು. ಕಾಫಿ ಸಿಹಿ ಹಣ್ಣೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಮೂರೂ ಬಣ್ಣ ಈ ಒಂದೇ ಬೆಳೆಯಲ್ಲಿದೆ: ಎಲೆಯ ಕಡುಹಸಿರು, ಹಣ್ಣಿನ ಕೆಂಪು, ಸಿಪ್ಪೆ ಸುಲಿದು ಕಣದಲ್ಲಿ ಒಣಗಿಸಿದ ಬೀಜದ, ಅಂದರೆ ಪಾರ್ಚ್‌ಮೆಂಟಿನ ತಿಳಿಹೊನ್ನು. ಹಣ್ಣಿನ ಸರಕ್ಕೆ ಆಯುಸ್ಸು ಕಡಿಮೆ. ಕೆಲವೇ ದಿನಗಳಲ್ಲಿ ಕಂದಿ ಕಪ್ಪಾಗುತ್ತದೆ. ಆದ್ದರಿಂದ ಅದನ್ನು 24ರಂದೇ ಪೋಣಿಸಬೇಕು.

ನಡುನಡುವೆ ಚಿಕ್ಕಮ್ಮ ದೂರ ನಿಂತು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ನಾನು ಖಾಲಿ ಕಂಡಲ್ಲೆಲ್ಲ ಏನಾದರೊಂದು ಕಟ್ಟಲು ಹೋದರೆ ತಡೆದು, "ಅಲ್ಲಿ ಬಿಡಮ್ಮ. ಅದು ಖಾಲಿಯಲ್ಲ, ಅದು ಹಸಿರು" ಎಂದರು. ನನಗೆ ಅಂದಿನ ಕೆಲಸವೆಲ್ಲ ಆ ಮಾತಿನಿಂದ ತಿಳಿಯಾಯಿತು. ನಾವು ಮೂರು ಬಣ್ಣ ಎನ್ನುತ್ತೇವೆ, ಕಟ್ಟುವುದು ಎರಡನ್ನೇ. ಮೂರನೆಯದನ್ನು ಮುಚ್ಚದೆ ಉಳಿಸಬೇಕು. ಪೇಟೆಯ ಮಳಿಗೆಗಳಲ್ಲಿ ಕಾಣುವ ಮರಗಳಲ್ಲಿ ಈ ಮೂರನೆಯ ಬಣ್ಣಕ್ಕೆ ಜಾಗವೇ ಇರುವುದಿಲ್ಲ, ಅದು ನನಗೆ ನಿಜಕ್ಕೂ ಬೇಸರದ ಸಂಗತಿ.

ಮಕ್ಕಳ ಪೆಟ್ಟಿಗೆ? ಅದನ್ನು ಮೂಲೆಗೆ ತಳ್ಳುವ ಮನಸ್ಸು ಯಾರಿಗೂ ಇರಲಿಲ್ಲ. ಕೊಂಬೆಯಿಂದ ಕತ್ತರಿಸಿ ಉಳಿದ ರೆಂಬೆಗಳನ್ನು ಚಿಕ್ಕಮ್ಮ ಜಗಲಿಯ ಕಂಬಕ್ಕೆ ಕಟ್ಟಿಕೊಟ್ಟು, "ಇದು ನಿಮ್ಮದು, ನಿಮಗೆ ಬೇಕಾದಂತೆ ಮಾಡಿ" ಎಂದರು. ಅಲ್ಲಿ ನೀಲಿ, ನೇರಳೆ, ಮಿನುಗು ದೀಪ ಎಲ್ಲವೂ ಏರಿದವು.

ಸಂಜೆ ಕಾಫಿ ತೂಕ ಮುಗಿಸಿ ಲೈನಿನ, ಅಂದರೆ ಆಳುಗಳ ಸಾಲುಮನೆಗಳ, ಹೆಂಗಸರು ಕೇಕು, ಚಕ್ಕುಲಿ, ಕರ್ಜಿಕಾಯಿ ತೆಗೆದುಕೊಳ್ಳಲು ಬಂದರು. ಮೇಸ್ತ್ರಿಯ ಹೆಂಡತಿ ಮರದ ತುದಿಯಿಂದ ಒಂದು ಸರ ಹಿಡಿದು ನೋಡಿ, "ಅಮ್ಮ, ದಿನವಿಡೀ ಇದನ್ನೇ ಕಿತ್ತು ಕೈ ಸೋತಿದೆ. ಇಷ್ಟು ಚೆಂದ ಅಂತ ಇವತ್ತೇ ಗೊತ್ತಾಗಿದ್ದು" ಎಂದಳು. ಚಿಕ್ಕಮ್ಮ ಉಳಿದಿದ್ದ ಜರಿಯನ್ನು ಅವಳ ಮಗಳ ಜಡೆಗೆಂದು ಕತ್ತರಿಸಿ ಕೊಟ್ಟರು. ಚರ್ಚಿನಲ್ಲಿ ರಾತ್ರಿಯ ಬಲಿಪೂಜೆಗೆ ಹೊರಡುವ ಮೊದಲು ದೀಪ ಆರಿಸಿದೆವು. ಸರ್ವೆ ಒಣಗಿದರೆ ಬೇಗ ಹೊತ್ತಿಕೊಳ್ಳುತ್ತದೆ, ಯಾರೂ ಇಲ್ಲದ ಮನೆಯಲ್ಲಿ ಉರಿಯಲು ಬಿಡಬಾರದು.

ಜನವರಿ 6ರ ಮೂರು ರಾಯರ ಹಬ್ಬದ ಮರುದಿನ ಚಿಕ್ಕಪ್ಪ ಫೋನ್ ಮಾಡಿದ್ದರು. ಗುಂಡುಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಎತ್ತಿಟ್ಟಾಗಿದೆ, ಒಂದೂ ಒಡೆದಿಲ್ಲ. ಕಾಫಿ ಹಣ್ಣಿನ ಸರ ಗೊಬ್ಬರದ ಗುಂಡಿಗೆ, ಒಣಗಿದ ಸರ್ವೆ ಬಚ್ಚಲ ಒಲೆಗೆ ಹೋಗಿವೆ. ಜಗಲಿಯ ಕಂಬದ ನೇರಳೆ ಗುಂಡುಗಳನ್ನು ಮಾತ್ರ ಬಿಚ್ಚಿಲ್ಲವಂತೆ. ಮಕ್ಕಳು ಬೇಸಿಗೆ ರಜೆಗೆ ಬರುವವರೆಗೆ ಇರಲಿ ಎಂದು ಚಿಕ್ಕಮ್ಮ ಹೇಳಿದ್ದಾರೆ.