ಓಣ್ಯಾಗೊಂದು ಈಜುಗೊಳ
ಲೇಔಟಿನ ಮಂದಿ ರೊಕ್ಕಾ ಕೂಡಿಸಿ ಈಜುಗೊಳ ಮಾಡೂಣು ಅಂತ ನಿನ್ನೆ ಪಾರ್ಕಿನ್ಯಾಗ ಮಾತಾತು. ಹುಬ್ಬಳ್ಳ್ಯಾಗ ಮಲಪ್ರಭಾ ನೀರು ಯಾವಾಗ ಬಿಡ್ತಾರಂತ ಕಾದು ಕೊಡಾ ತುಂಬಿಸಿದ ಮಂದಿ ನಾವು! 25 ಮೀಟರ್ ಉದ್ದ, 10 ಅಗಲ, 1.2 ಆಳ ಅಂದ್ರೂ 3 ಲಕ್ಷ ಲೀಟರ್.

"ದಿನಾ ಅಷ್ಟು ನೀರು ಎಲ್ಲಿಂದ ತರ್ತೀರಪಾ?" ಅಂದ್ರು ಬಾಜೂಮನಿ ಅಜ್ಜಾರು.

ದಿನಾ ಬದಲಿ ಮಾಡೂದಿಲ್ರಿ, ಅದ ನೀರು ಪಂಪಿನಿಂದ ಮರಳಿನ ಫಿಲ್ಟರ್ ದಾಟಿ, ಕ್ಲೋರಿನ್ ಕೂಡಿ ವಾಪಸ್ ಬರ್ತದ. ಆವಿ ಆದಷ್ಟು, ಫಿಲ್ಟರ್ ತೊಳದಷ್ಟು ಹಾಕಿದ್ರ ಸಾಕು ಅಂದೆ.

"ಅಂದ್ರ ಮಂದಿ ಜಳಕಾ ಮಾಡಿದ ನೀರಾಗ ನಾವು ಇಳೀಬೇಕೇನು?"

ಇದಕ್ಕ ಉತ್ತರ ಇಂಜಿನಿಯರಿಗೂ ತ್ರಾಸ. ನನಗಂತೂ ಗುಂಡಿ ತೋಡೂದು ಸಸಾರ ಅನಸ್ತದ; ತಿಂಗಳಾ ಕರೆಂಟ್ ಬಿಲ್ಲು, ಲೈಫ್‌ಗಾರ್ಡ್ ಪಗಾರ ಯಾರು ಕೊಡೂದು ಅನ್ನೂದ ಖರೇ ಲೆಕ್ಕ.

ಏಳೂ ಮುಂದ ಅಜ್ಜಾರ ಅಂದ್ರು: "ಹೆಣ್ಮಕ್ಕಳಿಗೆ ಬ್ಯಾರೆ ಟೈಮ್ ಇಡ್ರಿ, ನಮ್ಮ ಮೊಮ್ಮಗಳ ಹೆಸರು ಬರ್ಕೋರಿ."