ಪೀಚ್ ಬಣ್ಣದ ಮತಪತ್ರ

2021ರ ಮೇ 6. ಎಡಿನ್‌ಬರಾದ ನಮ್ಮ ಮತಗಟ್ಟೆಯಲ್ಲಿ ನನ್ನ ಕೈಗೆ ಎರಡು ಮತಪತ್ರ ಕೊಟ್ಟರು. ಒಂದು ತಿಳಿ ನೇರಳೆ, ಇನ್ನೊಂದು ಪೀಚ್ ಬಣ್ಣದ್ದು. ಸ್ಕಾಟ್ಲೆಂಡ್ ಪಾರ್ಲಿಮೆಂಟಿನ ಚುನಾವಣೆ ಅದು. ಕಾಮನ್‌ವೆಲ್ತ್ ದೇಶದವರಿಗೆ ಇಲ್ಲಿ ಮತದ ಹಕ್ಕಿದೆ. ಹಾಗಾಗಿ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ನಾನು ಮತ ಹಾಕಿದೆ.

ನೇರಳೆ ಪತ್ರ ಕ್ಷೇತ್ರದ ಅಭ್ಯರ್ಥಿಗೆ. ಅದು ನಮ್ಮೂರಿನ ಹಾಗೆಯೇ, ಜಾಸ್ತಿ ಮತ ಬಂದವರು ಗೆದ್ದರು, ಮುಗೀತು. ಪೀಚ್ ಪತ್ರ ಪಕ್ಷಕ್ಕೆ. ಆ ಮತಗಳನ್ನು ಹಲವು ಕ್ಷೇತ್ರ ಸೇರಿದ ಒಂದೊಂದು ಪ್ರದೇಶದಲ್ಲಿ ಒಟ್ಟಿಗೆ ಎಣಿಸುತ್ತಾರೆ, ಪಕ್ಷಕ್ಕೆ ಸಿಕ್ಕಷ್ಟು ಸೀಟಿಗೆ ಅದು ಮೊದಲೇ ಕೊಟ್ಟ ಪಟ್ಟಿಯ ಮೇಲಿನ ಹೆಸರುಗಳು ಆಯ್ಕೆಯಾಗುತ್ತವೆ. ಒಟ್ಟು 129 ಸೀಟುಗಳಲ್ಲಿ 73 ಮೊದಲನೆಯದರಿಂದ, 56 ಎರಡನೆಯದರಿಂದ ತುಂಬುತ್ತವೆ.

ಇದನ್ನು ನಾನು ಇಷ್ಟು ಆಸೆಯಿಂದ ನೋಡಲು ಕಾರಣ ಅಪ್ಪ. ಹಾಸನ ಜಿಲ್ಲೆಯ ನಮ್ಮ ಊರಿನಲ್ಲಿ ಅವರು ರೈತ ಸಂಘದವರು ನಿಂತಾಗಲೆಲ್ಲ ಅವರಿಗೇ ಮತ ಹಾಕಿದವರು. ಪ್ರತಿ ಸಲ ಸೋಲು. ಪ್ರತಿ ಸಲ ಅಮ್ಮನದು ಒಂದೇ ಮಾತು: 'ಸುಮ್ನೆ ವೋಟು ಹಾಳು ಮಾಡಿದ್ರಿ.' ಅಪ್ಪ ವಾದ ಮಾಡುತ್ತಿರಲಿಲ್ಲ. ಆದರೆ ಆ ಮಾತು ಅವರಿಗೆ ನೋಯುತ್ತಿತ್ತು.

ಕೋವಿಡ್ ಅಂತ ಆ ಸಲ ರಾತ್ರಿ ಎಣಿಕೆ ಇರಲಿಲ್ಲ. ಶುಕ್ರವಾರ ಮತ್ತು ಶನಿವಾರ ಹಗಲಲ್ಲೇ ಎಣಿಸಿದರು. ಊರಿನಲ್ಲಿ ಎರಡನೇ ಅಲೆಯ ಭಯಾನಕ ದಿನಗಳು ಅವು. ಚಾಮರಾಜನಗರದ ಆಕ್ಸಿಜನ್ ದುರಂತ ಆಗಿ ವಾರವೂ ಕಳೆದಿರಲಿಲ್ಲ. ಅಪ್ಪ ಅಮ್ಮ ಬಾಗಿಲು ಹಾಕಿಕೊಂಡು ಕೂತಿದ್ದರು. ಬೇರೆ ಏನಾದರೂ ಮಾತಾಡೋಣ ಅಂತ ನಾನು ಇಲ್ಲಿನ ಫಲಿತಾಂಶವನ್ನು ಫೋನಿನಲ್ಲಿ ಹೇಳುತ್ತಾ ಹೋದೆ.

ನಮ್ಮ ಕ್ಷೇತ್ರ ಎಡಿನ್‌ಬರಾ ನಾರ್ದರ್ನ್ ಅಂಡ್ ಲೀತ್. ಇಲ್ಲಿ ಎಸ್‌ಎನ್‌ಪಿಯ (ಸ್ಕಾಟಿಷ್ ನ್ಯಾಷನಲ್ ಪಾರ್ಟಿ) ಬೆನ್ ಮ್ಯಾಕ್‌ಫರ್ಸನ್ ಆರಾಮಾಗಿ ಗೆದ್ದರು. ಗ್ರೀನ್ ಪಕ್ಷದಿಂದ ನಿಂತಿದ್ದ ಲೋರ್ನಾ ಸ್ಲೇಟರ್ ಸೋತರು. ಅವರು ಕೆನಡಾದಲ್ಲಿ ಹುಟ್ಟಿ ಇಲ್ಲಿಗೆ ಬಂದ ಎಂಜಿನಿಯರ್. ಆದರೆ ಪೀಚ್ ಪತ್ರಗಳ ಎಣಿಕೆ ಮುಗಿದಾಗ ಅದೇ ಸ್ಲೇಟರ್ ನಮ್ಮ ಕ್ಷೇತ್ರವೂ ಸೇರಿದ್ದ ಲೋಥಿಯನ್ ಪ್ರದೇಶದಿಂದ ಪಾರ್ಲಿಮೆಂಟಿಗೆ ಆಯ್ಕೆಯಾಗಿದ್ದರು.

'ಸೋತ ಮೇಲೆ ಗೆದ್ದಿದ್ದು ಹೆಂಗೆ?' ಅಪ್ಪ ಕೇಳಿದರು. ಅವರ ದನಿಯಲ್ಲಿ ಎಷ್ಟೋ ದಿನದ ಮೇಲೆ ಜೀವ ಬಂದಿತ್ತು.

ಪೆನ್ನು, ಹಾಳೆ ತಗೊಳ್ಳಿ ಅಂದೆ. ಲೋಥಿಯನ್‌ನಲ್ಲಿ 9 ಕ್ಷೇತ್ರ. 7 ಎಸ್‌ಎನ್‌ಪಿಗೆ, ಲೇಬರ್ ಮತ್ತು ಲಿಬರಲ್ ಡೆಮಾಕ್ರಾಟರಿಗೆ ಒಂದೊಂದು. ಆಮೇಲೆ ಪೀಚ್ ಪತ್ರದ 7 ಸೀಟು ಹಂಚಬೇಕು. ಪ್ರತಿ ಪಕ್ಷದ ಮತವನ್ನು ಅದು ಆಗಲೇ ಗೆದ್ದ ಸೀಟಿಗೆ ಒಂದು ಕೂಡಿಸಿ ಭಾಗಿಸುತ್ತಾರೆ. ಎಸ್‌ಎನ್‌ಪಿ ಮತ 8ರಿಂದ ಭಾಗವಾಗುತ್ತದೆ. ಕ್ಷೇತ್ರವನ್ನೇ ಗೆಲ್ಲದ ಗ್ರೀನ್ ಪಕ್ಷದ ಮತ ಹಾಗೇ ಉಳಿಯುತ್ತದೆ. ದೊಡ್ಡ ಸಂಖ್ಯೆ ಯಾರದೋ ಅವರಿಗೆ ಒಂದು ಸೀಟು. ಮತ್ತೆ ಭಾಗಿಸು, ಮತ್ತೆ ಒಂದು. ಹೀಗೆ ಕನ್ಸರ್ವೇಟಿವ್‌ಗೆ 3, ಲೇಬರ್‌ಗೆ 2, ಗ್ರೀನ್‌ಗೆ 2 ಬಂತು. ಆ ಪ್ರದೇಶದಲ್ಲಿ ಅತಿ ಹೆಚ್ಚು ಪೀಚ್ ಮತ ಪಡೆದ ಎಸ್‌ಎನ್‌ಪಿಗೆ ಅದರಿಂದ ಒಂದೂ ಇಲ್ಲ, ಅವರ ಪಾಲು ಆಗಲೇ ಸಿಕ್ಕಿತ್ತಲ್ಲ.

ಇಡೀ ದೇಶದ ಲೆಕ್ಕದಲ್ಲಿ ಎಸ್‌ಎನ್‌ಪಿ 64ಕ್ಕೆ ನಿಂತಿತು. ಬಹುಮತಕ್ಕೆ 65 ಬೇಕಿತ್ತು. ಏರ್ ಕ್ಷೇತ್ರವನ್ನು ಬರೀ 170 ಮತಗಳಿಂದ ಗೆದ್ದುಕೊಂಡ ಪಕ್ಷಕ್ಕೆ ಡಂಬಾರ್ಟನ್‌ನಲ್ಲಿ ಲೇಬರ್ ಪಕ್ಷದ ಜಾಕಿ ಬೇಲಿಯನ್ನು ಅಲುಗಾಡಿಸಲು ಆಗಲಿಲ್ಲ. ಕನ್ಸರ್ವೇಟಿವ್ 31, ಲೇಬರ್ 22, ಗ್ರೀನ್ 8, ಲಿಬರಲ್ ಡೆಮಾಕ್ರಾಟ್ 4. ಪಾರ್ಲಿಮೆಂಟಿಗೆ ಮೊದಲ ಸಲ ಬಿಳಿಯರಲ್ಲದ ಹೆಣ್ಣುಮಕ್ಕಳು ಆಯ್ಕೆಯಾದರು: ಕೌಕಬ್ ಸ್ಟೀವರ್ಟ್ ಮತ್ತು ಪ್ಯಾಮ್ ಗೋಸಲ್. 1999ರಿಂದ ಇರುವ ಪಾರ್ಲಿಮೆಂಟಿಗೆ ಇದಕ್ಕೆ ಇಷ್ಟು ವರ್ಷ ಬೇಕಾಯಿತು ಅನ್ನೋದು ನನಗೆ ಬೇಸರದ ವಿಷಯವೇ.

ಅಪ್ಪ ಮಾತ್ರ ಭಾಗಾಕಾರದಲ್ಲೇ ಇದ್ದರು. 2018ರ ಕರ್ನಾಟಕದ ಫಲಿತಾಂಶ ನೆನಪಿಸಿದರು. ಕಾಂಗ್ರೆಸ್ಸಿಗೆ ಶೇಕಡಾ 38, ಬಿಜೆಪಿಗೆ ಶೇಕಡಾ 36ರಷ್ಟು ಮತ. ಸೀಟು ನೋಡಿದರೆ ಬಿಜೆಪಿಗೆ 104, ಕಾಂಗ್ರೆಸ್ಸಿಗೆ 78. 'ಇಬ್ಬರೂ ಬೇಡ ಅಂದವರ ಗತಿ ಕೇಳೋದೇ ಬೇಡ' ಅಂದರು. ಆ ಇಬ್ಬರೂ ಬೇಡ ಅಂದವರಲ್ಲಿ ಅವರೂ ಒಬ್ಬರು ಅಂತ ನನಗೆ ಗೊತ್ತು.

ಆಗಸ್ಟ್ ತಿಂಗಳಲ್ಲಿ ಎಸ್‌ಎನ್‌ಪಿ ಮತ್ತು ಗ್ರೀನ್ ಪಕ್ಷ ಒಪ್ಪಂದ ಮಾಡಿಕೊಂಡವು. ಲೋರ್ನಾ ಸ್ಲೇಟರ್ ಮಂತ್ರಿಯಾದರು. ಬ್ರಿಟನ್ನಿನ ಯಾವ ಸರ್ಕಾರದಲ್ಲೂ ಅದುವರೆಗೆ ಗ್ರೀನ್ ಪಕ್ಷದ ಮಂತ್ರಿ ಇರಲಿಲ್ಲ. ಅಪ್ಪನಿಗೆ ತಕ್ಷಣ ಫೋನ್ ಮಾಡಿದೆ. ಖುಷಿಪಟ್ಟರು, ಆಮೇಲೆ ಒಂದು ಪ್ರಶ್ನೆ ಹಾಕಿದರು: 'ಪಟ್ಟಿಯಲ್ಲಿ ಯಾರ ಹೆಸರು ಮೇಲಿರಬೇಕು ಅಂತ ಪಕ್ಷದವರೇ ತೀರ್ಮಾನಿಸಿದ್ರೆ ನಮ್ಮಲ್ಲಿ ದುಡ್ಡಿದ್ದೋನೇ ಮೇಲೆ ಬರ್ತಾನೆ ಅಲ್ವಾ?'

ಗ್ರೀನ್ ಪಕ್ಷದಲ್ಲಿ ಆ ಕ್ರಮವನ್ನು ಸದಸ್ಯರೇ ಮತ ಹಾಕಿ ಗೊತ್ತುಮಾಡುತ್ತಾರೆ ಅಂದೆ. 'ನಮ್ಮ ಪಕ್ಷಗಳು ಅದಕ್ಕೆ ಒಪ್ತಾವಾ ಹೇಳು' ಅಂದರು ಅಪ್ಪ. ಆ ವಾದ ನಮ್ಮಿಬ್ಬರ ನಡುವೆ ಈಗಲೂ ನಡೆಯುತ್ತಿದೆ.