ಎಲ್ಲಾ ಐಸಿ ಬದಲಿ ಮಾಡ್ರಿ ಅಂದವರಿಗೆ

ಬನಶಂಕರಿ ಜಾತ್ರೆ ಮುಗಿದು ನಾಟಕ ಕಂಪನಿಗಳು ಟೆಂಟು ಬಿಚ್ಚಿದ ಮೇಲೆ ಬಾಗಲಕೋಟೆ ನವನಗರದ ನನ್ನ ರಿಪೇರಿ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬನದ ಹುಣ್ಣಿಮೆಯ ಆಜುಬಾಜು ಶುರುವಾದ ಆಟಗಳು ವಾರಗಟ್ಟಲೆ ನಡೆಯುತ್ತವೆ. ಹಲವು ಮೈಕಿನ ದನಿ ಕೂಡಿಸುವ ಮಿಕ್ಸರು, ಆಂಪ್ಲಿಫೈಯರು ಎಲ್ಲ ಧೂಳು ಕುಡಿದು, ಜನರೇಟರ್ ಕರೆಂಟು ಉಂಡು, ಟೆಂಪೋದಲ್ಲಿ ಕುಲುಕಾಡಿ ಬಂದಿರುತ್ತವೆ. ಹೆಚ್ಚಿನವಕ್ಕೆ ಫೇಡರ್ (ದನಿ ಏರಿಳಿಸುವ ಜಾರುಗುಂಡಿ) ತೊಳೆದು, ಸಾಕೆಟ್ ಬಿಗಿ ಮಾಡಿದರೆ ಮುಗಿಯಿತು. ಈಚೆಗೆ ಮಾತ್ರ ಇನ್ನೊಂದು ಬೇಡಿಕೆ ಜಾಸ್ತಿಯಾಗಿದೆ: ಹಳೇ ಮಿಕ್ಸರಿನ ಆಪ್-ಆಂಪ್ ಐಸಿಗಳನ್ನೆಲ್ಲ, ಅಂದರೆ ದನಿಯ ಸಿಗ್ನಲ್ ಹಿಗ್ಗಿಸುವ, ಕೂಡಿಸುವ ಚಿಪ್ಪುಗಳನ್ನೆಲ್ಲ, ಕಿತ್ತು ಹೊಸ ನಮೂನೆಯವನ್ನು ಹಾಕಿಕೊಡಿ ಅನ್ನುವುದು.

ಈ ಸಲ ಒಂದು ಕಂಪನಿಯ ಮಾಲಕರು ತಂದದ್ದು ಎಂಬತ್ತರ ದಶಕದ ಇಂಗ್ಲೆಂಡ್ ಮೇಕಿನ 24 ಚಾನೆಲ್ ಮಿಕ್ಸರು. ಯಾವುದೋ ಸ್ಟುಡಿಯೋ ಮುಚ್ಚಿದಾಗ ಕೈ ಬದಲಾಗಿ ಇಲ್ಲಿಗೆ ಬಂದದ್ದು. ಒಳಗೆ ನೂರರ ಹತ್ತಿರ ಐಸಿ, ಬಹುಪಾಲು ಟಿಎಲ್072 ಅನ್ನುವ ಆಪ್-ಆಂಪ್, ಒಂದೊಂದರಲ್ಲಿ ಎರಡು ಆಂಪ್. ದೂರು ಒಂದೇ: ಪಾತ್ರಧಾರಿ ಮಾತು ನಿಲ್ಲಿಸಿದಾಗಲೆಲ್ಲ ಸ್ಪೀಕರಿನಲ್ಲಿ ಸುಯ್ಯೆನ್ನುವ ಸದ್ದು.

"ಸರ್, ವಿಡಿಯೋದಾಗ ನೋಡೀನ್ರಿ. ಎಲ್ಲಾ ಐಸಿ ತಗದು 4562 ಹಾಕಿದ್ರ ಹೊಸಾ ಮಿಕ್ಸರಿನಂಗ ಆಗ್ತೈತಂತ. ರೊಕ್ಕದ ಚಿಂತಿ ಮಾಡಬ್ಯಾಡ್ರಿ."

"ರೊಕ್ಕದ ಚಿಂತಿ ನಿಮಗ ಬಿಡ್ತೀನ್ರಿ ಮಾಲಕರ, ನನಗ ಕರೆಂಟಿಂದ ಚಿಂತಿ," ಅಂದೆ.

ತಮಾಷೆಗೆ ಹೇಳಿದ್ದಲ್ಲ. ಒಂದು ಟಿಎಲ್072 ಎರಡೂ ಭಾಗ ಸೇರಿ ಮೂರು ಮಿಲಿ ಆಂಪಿಯರಿಗಿಂತ ಕಡಿಮೆ ಎಳೆಯುತ್ತದೆ. ಬದಲಿಗೆ ಹಾಕುವವುಗಳಲ್ಲಿ ಎನ್‌ಇ5532 ಸುಮಾರು 8 ಎಳೆಯುತ್ತದೆ. ಎಲ್‌ಎಂ4562 (ಮಾಲಕರು ಹೇಳಿದ ಐಸಿ) ಸುಮಾರು 10. ನೂರು ಐಸಿಗೆ ಲೆಕ್ಕ ಹಾಕಿ: 280 ಮಿಲಿ ಆಂಪಿಯರ್ ಇದ್ದದ್ದು ಒಂದು ಆಂಪಿಯರ್ ಆಗುತ್ತದೆ. ಈ ಮಿಕ್ಸರಿನ ಪವರ್ ಸಪ್ಲೈಯಲ್ಲಿ ಇರುವುದು ಒಂದು 7815, ಒಂದು 7915, ಅಂದರೆ ವೋಲ್ಟೇಜನ್ನು 15ಕ್ಕೆ ಹಿಡಿದಿಡುವ ರೆಗ್ಯುಲೇಟರುಗಳು. ಒಳಗೆ ಬರುವುದು 22 ವೋಲ್ಟ್, ಹೊರಗೆ ಹೋಗುವುದು 15. ನಡುವಿನ 7 ವೋಲ್ಟ್ ಪೂರ್ತಿ ಬಿಸಿಯಾಗಿ ಹೋಗಬೇಕು. ಮೊದಲು ಒಂದೊಂದು ರೆಗ್ಯುಲೇಟರ್ ಎರಡು ವ್ಯಾಟ್ ಬಿಸಿ ಕಾರುತ್ತಿತ್ತು, ಈಗ ಏಳು ವ್ಯಾಟ್ ಕಾರಬೇಕು. ಅದೂ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಕಡೆ, ಗಾಳಿಯಾಡದ ಟೆಂಟಿನೊಳಗೆ. ಹೀಟ್‌ಸಿಂಕ್ ಇರುವುದು ಬೆರಳಗಲದ್ದು. ಮಧ್ಯರಾತ್ರಿ ಖಳನಾಯಕನ ಡೈಲಾಗಿನ ನಡುವೆ ರೆಗ್ಯುಲೇಟರ್ ಕೈಕೊಟ್ಟರೆ ಜನ ಐಸಿ ನಂಬರ್ ಕೇಳುವುದಿಲ್ಲ, ಕುರ್ಚಿ ಎಸೆಯುತ್ತಾರೆ.

ಹಾಗಾಗಿ ನಾನು ಮೊದಲು ಬಿಚ್ಚುವುದು ಪವರ್ ಸಪ್ಲೈ. ಫಿಲ್ಟರ್ ಕಂಡೆನ್ಸರುಗಳ ವಯಸ್ಸು ಇಲ್ಲಿ ಗೊತ್ತಾಗುತ್ತದೆ. ಎಲೆಕ್ಟ್ರೋಲಿಟಿಕ್ ಕಂಡೆನ್ಸರಿನ ಬಾಳಿಕೆ ಪ್ರತಿ 10 ಡಿಗ್ರಿ ಬಿಸಿಗೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಈ ಧಂದೆಯ ಹಳೇ ಲೆಕ್ಕ. ನಲವತ್ತು ವರ್ಷದ ಕಂಡೆನ್ಸರ್ ಒಣಗಿರದಿದ್ದರೇ ಆಶ್ಚರ್ಯ. ಅವನ್ನು ಬದಲಿಸಿದ ಮೇಲೆ ಹಮ್ (ಕರೆಂಟಿನ ಗುಂಯ್ ಸದ್ದು) ಹೋಗಿ, "ಐಸಿ ಬ್ಯಾಡ ಬಿಡ್ರಿ" ಅಂತ ಗಿರಾಕಿ ಖುಷಿಯಿಂದ ಮಿಕ್ಸರ್ ಹೊತ್ತುಕೊಂಡು ಹೋದದ್ದೂ ಉಂಟು.

ಇವರ ಮಿಕ್ಸರಿನಲ್ಲೂ ಹಮ್ ಇತ್ತು, ಅದು ಹೋಯಿತು, ಸುಯ್ ಹೋಗಲಿಲ್ಲ. ಅದು ಎಲ್ಲಿಂದ ಬರುತ್ತದೆ ಅಂತ ಹುಡುಕಲು ದೊಡ್ಡ ಯಂತ್ರ ಬೇಕಿಲ್ಲ. ಎಲ್ಲ ಚಾನೆಲ್ ಫೇಡರ್ ಕೆಳಗಿಳಿಸಿ, ಮಾಸ್ಟರ್ ಮಾತ್ರ ಏರಿಸಿ ಹೆಡ್‌ಫೋನಿನಲ್ಲಿ ಕೇಳಿ. ಆಗಲೂ ಸುಯ್ ಅಂದರೆ ತಪ್ಪು ಮೈಕಿನ ಕಡೆಗಲ್ಲ, ಎಲ್ಲ ಚಾನೆಲ್ ಬಂದು ಸೇರುವ ಮಿಕ್ಸ್ ಬಸ್ಸಿನಲ್ಲಿದೆ. ಇಲ್ಲಿ ಹಾಗೇ ಆಯಿತು.

ಮಿಕ್ಸ್ ಬಸ್ಸಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಐಸಿ ಬದಲಿಸಿದ್ದಕ್ಕೆ ಕಿವಿಗೆ ಕೇಳುವಷ್ಟು ಫಲ ಸಿಗುವ ಜಾಗ ಇದೊಂದೇ ಅಂದರೂ ಸರಿ. 24 ಚಾನೆಲ್ಲಿನಿಂದ 24 ರೆಸಿಸ್ಟನ್ಸ್, ಒಂದೊಂದು 22 ಕಿಲೋ ಓಮ್, ಒಂದೇ ತಂತಿಗೆ ಬಂದು ಕೂಡುತ್ತವೆ. ಆ ತಂತಿ ಹೋಗುವುದು ಎಲ್ಲವನ್ನೂ ಕೂಡಿಸುವ ಐಸಿಯ, ಅಂದರೆ ಸಮ್ಮಿಂಗ್ ಆಂಪಿನ ಇನ್‌ಪುಟ್ಟಿಗೆ, ಫೀಡ್‌ಬ್ಯಾಕಿಗೆ ಮತ್ತೊಂದು 22 ಕಿಲೋ. ಹಾಡು, ಮಾತು ಯಾವ ಚಾನೆಲ್ಲಿನಿಂದ ಬಂದರೂ ಇದ್ದಷ್ಟೇ ದಾಟುತ್ತದೆ. ಆದರೆ ಐಸಿಯ ಸ್ವಂತ ನಾಯ್ಸ್ (ಸುಯ್ ಸದ್ದು) ಮಾತ್ರ 24ಕ್ಕೆ ಒಂದು ಕೂಡಿ 25 ಪಟ್ಟು ದೊಡ್ಡದಾಗಿ ಹೊರಬರುತ್ತದೆ, ಅಂದರೆ 28 ಡೆಸಿಬಲ್. ಫೇಡರ್ ಕೆಳಗಿದ್ದರೂ ಅಷ್ಟೇ, ರೆಸಿಸ್ಟನ್ಸ್‌ಗಳು ಅಲ್ಲೇ ಇರುತ್ತವಲ್ಲ. ಟಿಎಲ್072ದ ನಾಯ್ಸ್ ಡೇಟಾಶೀಟಿನ ಪ್ರಕಾರ ರೂಟ್ ಹರ್ಟ್ಜಿಗೆ 18 ನ್ಯಾನೋವೋಲ್ಟ್, 5532ದು 5. ಇಪ್ಪತ್ತನಾಲ್ಕು ರೆಸಿಸ್ಟನ್ಸ್ ಪ್ಯಾರಲೆಲ್ ಆಗಿ ಒಂದು ಕಿಲೋ ಓಮಿಗಿಂತ ಕೆಳಗೆ ಇಳಿಯುವುದರಿಂದ ಅವುಗಳ ನಾಯ್ಸ್ ಹೆಚ್ಚು ಅಡ್ಡ ಬರುವುದಿಲ್ಲ. ಲೆಕ್ಕದಲ್ಲಿ 9 ಡೆಸಿಬಲ್ ಹತ್ತಿರ ಇಳಿಯಬೇಕು. ಅಷ್ಟು ಇಳಿದರೆ ಟೆಂಟಿನ ಹಿಂದಿನ ಸಾಲಿನವನಿಗೂ ಗೊತ್ತಾಗುತ್ತದೆ.

ಈಗ ಅದೇ 5532ನ್ನು ಚಾನೆಲ್ಲಿನ ಈಕ್ವಲೈಝರಿನಲ್ಲಿ ಹಾಕಿದರೆ? ಈ ಮಿಕ್ಸರಿನ ಈಕ್ವಲೈಝರಿನಲ್ಲಿ 100 ಕಿಲೋ ಓಮಿನ ಪಾಟುಗಳಿವೆ, ಅಂದರೆ ತಿರುಗಿಸಿ ಹೊಂದಿಸುವ ರೆಸಿಸ್ಟನ್ಸ್. 5532ಗೆ ವೋಲ್ಟೇಜ್ ನಾಯ್ಸ್ ಕಡಿಮೆ, ಆದರೆ ಕರೆಂಟ್ ನಾಯ್ಸ್ ಅಂತ ಒಂದಿದೆ, 0.7 ಪೈಕೋ ಆಂಪಿಯರ್. ಅದು 50 ಕಿಲೋ ರೆಸಿಸ್ಟನ್ಸಿನಲ್ಲಿ ಹರಿದರೆ 35 ನ್ಯಾನೋವೋಲ್ಟ್ ಆಗುತ್ತದೆ, ಅಂದರೆ ತೆಗೆದುಹಾಕಿದ ಟಿಎಲ್072ಗಿಂತ ಗಲಾಟೆ ಜಾಸ್ತಿ. ಮಾಲಕರು ನಂಬರ್ ಬರೆದುಕೊಂಡು ಬಂದಿದ್ದ 4562ದ್ದು 1.6 ಪೈಕೋ, ಅದು ಅಲ್ಲಿ ಇನ್ನೂ ಕೆಟ್ಟದು. ಇನ್‌ಪುಟ್ ಬಯಾಸ್ ಕರೆಂಟಿನದೂ, ಅಂದರೆ ಐಸಿಯ ಇನ್‌ಪುಟ್ ತಾನೇ ಎಳೆಯುವ ಕರೆಂಟಿನದೂ, ಇದೇ ಕಥೆ. ಟಿಎಲ್072ದ ಒಳಗೆ ಜೆಫೆಟ್ ಅನ್ನುವ ನಮೂನೆಯ ಟ್ರಾನ್ಸಿಸ್ಟರ್ ಇದೆ, ಅದರ ಇನ್‌ಪುಟ್ ಎಳೆಯುವುದು ಲೆಕ್ಕಕ್ಕೇ ಬರದಷ್ಟು. 5532 ಸುಮಾರು 200 ನ್ಯಾನೋ ಆಂಪಿಯರ್ ಎಳೆಯುತ್ತದೆ, 100 ಕಿಲೋದಲ್ಲಿ ಅದು 20 ಮಿಲಿವೋಲ್ಟ್ ಡಿಸಿ. ಪಾಟಿನಲ್ಲಿ ಡಿಸಿ ನಿಂತರೆ ತಿರುಗಿಸಿದಾಗಲೆಲ್ಲ ಕರಕರ. ಆಮೇಲೆ ಗಿರಾಕಿ ಪಾಟ್ ಕೆಟ್ಟಿದೆ ಅಂತ ತಿರುಗಿ ಬರುತ್ತಾನೆ. ಹಳೇ ಡಿಸೈನರ್ ಅಲ್ಲಿ ಟಿಎಲ್072 ಹಾಕಿದ್ದು ಅಗ್ಗ ಅಂತಷ್ಟೇ ಅಲ್ಲ.

ಮೈಕ್ ಇನ್‌ಪುಟ್ಟಿನಲ್ಲೂ ಕೈ ಹಾಕಲಿಲ್ಲ. ಮುಂದೆ ಟ್ರಾನ್ಸಿಸ್ಟರ್ ಜೋಡಿ ಇದೆ, ಗೇನ್ (ಸಿಗ್ನಲ್ ಹಿಗ್ಗುವುದು) ಅಲ್ಲೇ ಆಗಿಹೋಗುತ್ತದೆ. ಹಿಂದಿನ ಐಸಿ ಯಾವುದಾದರೂ ಕಿವಿಗೆ ತಿಳಿಯುವಂಥದ್ದಲ್ಲ.

4562 ಬಗ್ಗೆ ನನಗೆ ಹಗೆ ಇಲ್ಲ. ಒಳ್ಳೇ ಐಸಿ. ಆದರೆ ಅದರ ಓಟ 55 ಮೆಗಾಹರ್ಟ್ಜ್, ಟಿಎಲ್072ದು 3. ಆ ಕಾಲದ ಪಿಸಿಬಿಯಲ್ಲಿ ಸಪ್ಲೈ ಟ್ರ್ಯಾಕು ಗೇಣುದ್ದ, ಸಪ್ಲೈಯ ಏರಿಳಿತ ತಡೆಯುವ ಬೈಪಾಸ್ ಕಂಡೆನ್ಸರು ನಾಲ್ಕೈದು ಐಸಿಗೆ ಒಂದು. ಅಂಥ ಜಾಗದಲ್ಲಿ ವೇಗದ ಐಸಿ ಕಿವಿಗೆ ಕೇಳದ ಫ್ರೀಕ್ವೆನ್ಸಿಯಲ್ಲಿ ಆಸಿಲೇಟ್ ಆಗಲು, ಅಂದರೆ ತಾನೇ ಸಿಗ್ನಲ್ ಹುಟ್ಟಿಸಲು, ಶುರು ಮಾಡುತ್ತದೆ. ಕೈ ಇಟ್ಟರೆ ಸುಡುತ್ತದೆ, ಜೋರು ದನಿ ಒರಟಾಗುತ್ತದೆ, ಮೀಟರಿನಲ್ಲಿ ಏನೂ ಕಾಣುವುದಿಲ್ಲ, ಸಿಆರ್‌ಒ (ಆಸಿಲೋಸ್ಕೋಪ್) ಹಚ್ಚಿದರೆ ಮಾತ್ರ ತೆರೆಯ ಮೇಲೆ ಗೆರೆ ದಪ್ಪಗಾಗಿ ಕಾಣುತ್ತದೆ. ಪಿಸಿಬಿಯ ಅಡಿಯಲ್ಲಿ, ಐಸಿಗೆ ಸಪ್ಲೈ ಬರುವ 4 ಮತ್ತು 8ನೇ ಕಾಲಿನ ನಡುವೆ 100 ನ್ಯಾನೋಫ್ಯಾರಡ್ ಸಿರಾಮಿಕ್ ಕಂಡೆನ್ಸರ್ ಬೆಸೆದರೆ ಎಷ್ಟೋ ಸಲ ತಣ್ಣಗಾಗುತ್ತದೆ. 5532 ಹಾಕಿದರೂ ನಾನು ಇದನ್ನು ಬಿಡುವುದಿಲ್ಲ. ಸಿಆರ್‌ಒ ಇಲ್ಲದವರು ಈ ಉಸಾಬರಿಗೆ ಹೋಗಬಾರದು, ನನ್ನ ಅಭಿಪ್ರಾಯ ಅಷ್ಟೇ.

ಇನ್ನು ಐಸಿ ಕೊಳ್ಳುವ ಮಾತು. ಆನ್‌ಲೈನಿನಲ್ಲಿ ಅಗ್ಗಕ್ಕೆ ಬರುವುದರಲ್ಲಿ ಹಳೇ ಹೆಸರು ಉಜ್ಜಿ ಹೊಸ ನಂಬರ್ ಹೊಡೆದವು ಇರುತ್ತವೆ. ನಾನು ಬ್ರೆಡ್‌ಬೋರ್ಡ್ ಮೇಲೆ ಕೂರಿಸಿ ಮೊದಲು ಕರೆಂಟ್ ಅಳೆಯುತ್ತೇನೆ. ಮೈಮೇಲೆ 5532 ಅಂತ ಬರೆದುಕೊಂಡು ಮೂರು ಮಿಲಿ ಆಂಪಿಯರ್ ಎಳೆದರೆ ಅದು 5532 ಅಲ್ಲ, ಬೇರೆ ಪರೀಕ್ಷೆ ಬೇಕಿಲ್ಲ.

ಕೀಳುವಾಗ ಅವಸರ ಮಾಡಬಾರದು. ಹಳೇ ಐಸಿಯನ್ನು ಉಳಿಸುವ ಆಸೆ ಬಿಟ್ಟು ಎಂಟೂ ಕಾಲು ಕಟರಿನಿಂದ ಕತ್ತರಿಸಿ, ಒಂದೊಂದೇ ಕಾಲು ಬಿಸಿ ಮಾಡಿ ಎಳೆಯಬೇಕು. ಪೂರ್ತಿ ಐಸಿ ಮೀಟಿದರೆ ಟ್ರ್ಯಾಕ್ ಸಮೇತ ಎದ್ದು ಬರುತ್ತದೆ. ಸಾಕೆಟ್ ಹಾಕಬೇಕೋ ಬೇಡವೋ ಅಂತ ನಮ್ಮವರಲ್ಲೇ ವಾದ ಇದೆ. ಸ್ಟುಡಿಯೋದಲ್ಲಿ ಒಂದೇ ಕಡೆ ಕೂರುವ ಮಿಕ್ಸರಿಗೆ ಸಾಕೆಟ್ ಇರಲಿ. ಮುಕ್ಕಾಮಿನಿಂದ ಮುಕ್ಕಾಮಿಗೆ ಟೆಂಪೋದಲ್ಲಿ ಹೋಗುವ ಕಂಪನಿ ಮಿಕ್ಸರಿಗೆ ನೇರ ಬೆಸುಗೆಯೇ ಗಟ್ಟಿ.

ಕಡೆಗೆ ಎಡ, ಬಲ ಮಾಸ್ಟರಿನ ಸಮ್ಮಿಂಗ್ ಐಸಿ ಮಾತ್ರ 5532 ಆದವು. ಉಳಿದ ಟಿಎಲ್072ಗಳನ್ನು ಮುಟ್ಟಲಿಲ್ಲ. ಮಾಲಕರು ಬಿಲ್ ನೋಡಿ, "ಇಷ್ಟಽ ಐಸಿ ಹಾಕೀರೇನ್ರಿ?" ಅಂತ ತುಸು ಅಸಮಾಧಾನದಿಂದಲೇ ಕೇಳಿದರು. ಮಾತಾಡದೆ ಹೆಡ್‌ಫೋನ್ ಕೊಟ್ಟೆ. ಮಾಸ್ಟರ್ ತುದಿಗೇರಿಸಿದರು, ಇಳಿಸಿದರು, ಮತ್ತೆ ಏರಿಸಿದರು. ಹಾರ್ಮೋನಿಯಂ ಮೈಕಿನ ಚಾನೆಲ್ ತೆರೆದಾಗ ಮಾತ್ರ ಸಣ್ಣಗೆ ಸುಯ್ ಇತ್ತು. ಅದು ಮೈಕಿನದು, ಗೇನ್ ತುದಿಗಿಟ್ಟು ದೂರದಿಂದ ಹಿಡಿಯುತ್ತಾರೆ. ಮೈಕನ್ನು ಪೆಟ್ಟಿಗೆಯ ಹತ್ತಿರ ಸರಿಸಿ ಗೇನ್ ಇಳಿಸಿ ಅಂದೆ, ಅದಕ್ಕೆ ದುಡ್ಡಿಲ್ಲ. ಕೆಲವು ಚಾನೆಲ್ ಒಟ್ಟಿಗೆ ಕೂಡುವ ಗ್ರೂಪ್ ಬಸ್ಸುಗಳ ಐಸಿ ಬಾಕಿ ಇವೆ. ಕಂಪನಿ ಮುಂದಿನ ಮುಕ್ಕಾಮಿಗೆ ಹೊರಟಿತ್ತು, ಮಳೆಗಾಲದ ಬಿಡುವಿನಲ್ಲಿ ತರುತ್ತೇನೆ ಅಂದಿದ್ದಾರೆ.